ಪಕ್ಕದ ರಾಜ್ಯದ ರೋಗಿ

ತೆಲಂಗಾಣದಲ್ಲಿ ಪತ್ತೆಯಾದ ಮೊದಲ ಕೋವಿಡ್ ರೋಗಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದವನು. ಕಚೇರಿಯ ಕೆಲಸದ ಮೇಲೆ ದುಬೈಗೆ ಹೋಗಿದ್ದ ಆ ಯುವ ಎಂಜಿನಿಯರ್ 2020ರ ಫೆಬ್ರವರಿ 20ರಂದು ಬೆಂಗಳೂರಿಗೆ ಮರಳಿದ. ಅಲ್ಲಿಂದ ಬಸ್ಸು ಹಿಡಿದು ಹೈದರಾಬಾದಿನ ಮನೆಗೆ ಬಂದ. ಮಾರ್ಚ್ 2ರಂದು ಸೋಂಕು ಖಚಿತವಾಯಿತು. ದೇಶದ ಮೊದಲ ಕೋವಿಡ್ ಸಾವು ಇದರ ಎದುರು ದಿಕ್ಕಿನಲ್ಲಿ ಸಾಗಿತು. ಸೌದಿ ಅರೇಬಿಯಾದಿಂದ ಫೆಬ್ರವರಿ 29ರಂದು ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಇಳಿದು ಕಲಬುರಗಿಗೆ ಹೋದ 76 ವರ್ಷದ ಹಿರಿಯರು ಒಂದೇ ವಾರದಲ್ಲಿ ಜ್ವರ, ಕೆಮ್ಮು ಹತ್ತಿ ಮಲಗಿದರು. ಮಾರ್ಚ್ 9ರಂದು ಅವರ ಗಂಟಲ ದ್ರವದ ಮಾದರಿ ಪರೀಕ್ಷೆಗೆಂದು ಬೆಂಗಳೂರಿಗೆ ಹೋಯಿತು. ವರದಿ ಬರುವ ಮೊದಲೇ, ವೈದ್ಯರ ಮಾತು ಮೀರಿ, ಮನೆಯವರು ಅವರನ್ನು ಹೈದರಾಬಾದಿಗೆ ಒಯ್ದರೆಂದು ಸರ್ಕಾರ ಹೇಳಿತು. ಅಲ್ಲಿನ ಖಾಸಗಿ ಆಸ್ಪತ್ರೆಯಿಂದ ಮತ್ತೆ ಕಲಬುರಗಿಗೆ ತರುವಾಗ, ಮಾರ್ಚ್ 10ರಂದು, ದಾರಿಯಲ್ಲೇ ಜೀವ ಹೋಯಿತು. ಸೋಂಕು ಇತ್ತೆಂಬುದು ಖಚಿತವಾದದ್ದು 12ರಂದು.

ಎರಡು ರಾಜ್ಯಗಳ ಕೋವಿಡ್ ಕಡತದ ಮೊದಲ ಪುಟಗಳು ಹೀಗೆ ಒಂದರೊಳಗೊಂದು ಹೆಣೆದುಕೊಂಡಿವೆ. ಆದರೂ ಆ ಎರಡು ವರ್ಷ ನಾವು ಪತ್ರಿಕೆ ತೆರೆದೊಡನೆ ನೋಡುತ್ತಿದ್ದುದು ರಾಜ್ಯವಾರು ಪಟ್ಟಿಯನ್ನು. ಕರ್ನಾಟಕದಲ್ಲಿ ಇಷ್ಟು, ತೆಲಂಗಾಣದಲ್ಲಿ ಅಷ್ಟು, ಆಂಧ್ರ, ಕೇರಳ, ಮಹಾರಾಷ್ಟ್ರಗಳಲ್ಲಿ ಮತ್ತಷ್ಟು. ಯಾವ ಸರ್ಕಾರ ಚೆನ್ನಾಗಿ ನಿಭಾಯಿಸಿತು, ಯಾವುದು ಎಡವಿತು ಎಂದು ಹೋಲಿಸುವುದು ತಪ್ಪೇನಲ್ಲ. ನೆರೆಯವರನ್ನು ನೋಡಿಯೇ ನಮ್ಮ ಸರ್ಕಾರದ ಅಳತೆ ಗೊತ್ತಾಗುವುದು. ಆದರೆ ಯಾವ ಅಂಕಿಯನ್ನು ಯಾವ ಅಂಕಿಯ ಪಕ್ಕ ಇಡಬೇಕು ಎಂಬುದರಲ್ಲಿ ಎಚ್ಚರ ತಪ್ಪಿದರೆ ಒಳ್ಳೆಯ ಕೆಲಸ ಮಾಡಿದವರಿಗೆ ಕೆಟ್ಟ ಹೆಸರು ಬರುತ್ತದೆ, ಲೆಕ್ಕವನ್ನೇ ಇಡದವರು ಗೆದ್ದವರಂತೆ ಕಾಣುತ್ತಾರೆ.

ಸಾವಿನ ಅಧಿಕೃತ ಲೆಕ್ಕವನ್ನೇ ನೋಡೋಣ. 2011ರ ಜನಗಣತಿಯಂತೆ ಕೇರಳದ ಜನಸಂಖ್ಯೆ 3.3 ಕೋಟಿ, ತೆಲಂಗಾಣದ್ದು 3.5 ಕೋಟಿ. ಕೋವಿಡ್ ಸಾವು ಕೇರಳದಲ್ಲಿ 70 ಸಾವಿರಕ್ಕೂ ಮೇಲೆ, ತೆಲಂಗಾಣದಲ್ಲಿ ನಾಲ್ಕು ಸಾವಿರದ ಚಿಲ್ಲರೆ. ಆರು ಕೋಟಿ ಜನರ ಕರ್ನಾಟಕದ್ದು 40 ಸಾವಿರ. ಕೇರಳದಲ್ಲಿ ವಯಸ್ಸಾದವರು ಹೆಚ್ಚು, ಸಕ್ಕರೆ ಕಾಯಿಲೆ ಹೆಚ್ಚು ಎಂಬುದನ್ನೆಲ್ಲ ಸೇರಿಸಿಕೊಂಡರೂ ಹದಿನೇಳು ಪಟ್ಟು ವ್ಯತ್ಯಾಸಕ್ಕೆ ಅದು ಉತ್ತರವಾಗುವುದಿಲ್ಲ. ಉತ್ತರ ಸಿಕ್ಕಿದ್ದು ಪರಿಹಾರದ ಅರ್ಜಿಗಳಲ್ಲಿ. ಕೋವಿಡ್‌ನಿಂದ ಸತ್ತವರ ಕುಟುಂಬಕ್ಕೆ 50 ಸಾವಿರ ರೂಪಾಯಿ ಕೊಡಬೇಕೆಂಬ ವ್ಯವಸ್ಥೆಗೆ 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಮುದ್ರೆ ಒತ್ತಿತು. ಸೋಂಕು ಖಚಿತವಾದ ಮೂವತ್ತು ದಿನದೊಳಗಿನ ಸಾವನ್ನೆಲ್ಲ ಸೇರಿಸುವಂತೆ ನಿಯಮವೂ ಸಡಿಲವಾಯಿತು. 2022ರ ಜನವರಿಯಲ್ಲಿ ರಾಜ್ಯಗಳು ಕೋರ್ಟಿಗೆ ಕೊಟ್ಟ ಲೆಕ್ಕದಂತೆ ತೆಲಂಗಾಣದ ಅಧಿಕೃತ ಸಾವು 3,993, ಬಂದ ಅರ್ಜಿಗಳು ಸುಮಾರು 29 ಸಾವಿರ, ಒಪ್ಪಿಕೊಂಡದ್ದೇ 15 ಸಾವಿರಕ್ಕೂ ಹೆಚ್ಚು. ಅಂದರೆ ಸರ್ಕಾರ ತಾನು ಹೇಳಿದ ಸಾವಿನ ಸುಮಾರು ನಾಲ್ಕು ಪಟ್ಟು ಕುಟುಂಬಗಳಿಗೆ ತಾನೇ ಪರಿಹಾರ ಒಪ್ಪಿತು. ಅದೇ ಹೊತ್ತಿಗೆ ಕೇರಳದ ಅಧಿಕೃತ ಸಾವು 49 ಸಾವಿರ, ಅರ್ಜಿ 27 ಸಾವಿರ. ಅಲ್ಲಿ ಲೆಕ್ಕ ಮುಂದೆ, ಅರ್ಜಿ ಹಿಂದೆ.

ಆಂಧ್ರದ ಕತೆಯೂ ಇದೇ ಜಾತಿಯದು. 2021ರ ಮೇ ಒಂದೇ ತಿಂಗಳಲ್ಲಿ ಅಲ್ಲಿನ ಜನನ ಮರಣ ನೋಂದಣಿಯಲ್ಲಿ ದಾಖಲಾದ ಸಾವು ಸುಮಾರು 1.3 ಲಕ್ಷ. ಹಿಂದಿನ ವರ್ಷಗಳ ಮೇ ತಿಂಗಳಲ್ಲಿ ಅದು 27 ಸಾವಿರದ ಆಸುಪಾಸು ಇರುತ್ತಿತ್ತು. ಕೋವಿಡ್ ಸಾವೆಂದು ಆ ತಿಂಗಳು ಸರ್ಕಾರ ಹೇಳಿದ್ದು ಮೂರು ಸಾವಿರದೊಳಗೆ. ಗಮನಿಸಬೇಕಾದ್ದೆಂದರೆ, ಸೋಂಕಿನ ಪರೀಕ್ಷೆಯಲ್ಲಿ ಆಂಧ್ರ ಹಿಂದೆ ಬಿದ್ದಿರಲಿಲ್ಲ. 2020ರ ಬೇಸಿಗೆಯಲ್ಲಿ ಕ್ಷಯ ಪತ್ತೆಯ ಟ್ರೂನಾಟ್ ಯಂತ್ರಗಳನ್ನು ಕೋವಿಡ್‌ಗೆ ಬಳಸಿ, ಹಳ್ಳಿಯ ವಾಲಂಟಿಯರುಗಳನ್ನು ಮನೆಮನೆಗೆ ಕಳಿಸಿ ತೆಲಂಗಾಣಕ್ಕಿಂತ ಹಲವು ಪಟ್ಟು ಹೆಚ್ಚು ಪರೀಕ್ಷೆ ಮಾಡಿತ್ತು. ಬದುಕಿರುವವರ ಸೋಂಕನ್ನು ಚೆನ್ನಾಗಿ ಎಣಿಸಿದ ಸರ್ಕಾರ ಸಾವನ್ನು ಅಷ್ಟೇ ಚೆನ್ನಾಗಿ ಎಣಿಸಿದೆ ಎಂದು ನಂಬಲಾಗುವುದಿಲ್ಲ.

ಹೈದರಾಬಾದಿನಲ್ಲಿ ಸತ್ಯ ಚರಂಡಿಯಲ್ಲಿ ಸಿಕ್ಕಿತು. ಇಲ್ಲಿನ ಸಿಸಿಎಂಬಿ ಮತ್ತು ಐಐಸಿಟಿ ಸಂಶೋಧನಾ ಸಂಸ್ಥೆಗಳ ವಿಜ್ಞಾನಿಗಳು ನಗರದ ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ ಮಾದರಿ ತಂದು, ಅದರಲ್ಲಿದ್ದ ವೈರಾಣುವಿನ ಅಂಶ ಅಳೆದರು. ಸೋಂಕಿತರ ಮಲದಲ್ಲಿ ವೈರಾಣುವಿನ ಕುರುಹು ಸುಮಾರು ಮೂವತ್ತೈದು ದಿನ ಇರುತ್ತದೆ. ಆದ್ದರಿಂದ ಹರಿಯುವ ನೀರಿನ ಪ್ರಮಾಣ ಗೊತ್ತಿದ್ದರೆ ಆ ಅವಧಿಯಲ್ಲಿ ಎಷ್ಟು ಜನರಿಗೆ ಸೋಂಕು ತಗಲಿತ್ತೆಂದು ಅಂದಾಜು ಮಾಡಬಹುದು. 2020ರ ಆಗಸ್ಟಿನಲ್ಲಿ ಅವರು ಕೊಟ್ಟ ಅಂದಾಜು, ಹೈದರಾಬಾದ್ ನಗರ ಒಂದರಲ್ಲೇ 6.6 ಲಕ್ಷ. ಅಂದು ಇಡೀ ತೆಲಂಗಾಣ ರಾಜ್ಯದ ಅಧಿಕೃತ ಪ್ರಕರಣಗಳು ಒಂದು ಲಕ್ಷವನ್ನೂ ಮುಟ್ಟಿರಲಿಲ್ಲ. ಪರೀಕ್ಷೆ ಸಾಲದು, ದಿನದ ಬುಲೆಟಿನ್‌ನಲ್ಲಿ ವಿವರವಿಲ್ಲ ಎಂದು ತೆಲಂಗಾಣ ಹೈಕೋರ್ಟ್ ಆ ವರ್ಷ ಮತ್ತೆ ಮತ್ತೆ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡದ್ದು ಸುಮ್ಮನೆ ಅಲ್ಲ.

ಕರ್ನಾಟಕದ ಬುಲೆಟಿನ್ ಬೇರೆ ಥರದ್ದು. ಮೊದಲ ತಿಂಗಳುಗಳಲ್ಲಿ ಪ್ರತಿ ರೋಗಿಗೂ ಒಂದು ಪಿ ಸಂಖ್ಯೆ, ವಯಸ್ಸು, ಗಂಡೋ ಹೆಣ್ಣೋ, ಜಿಲ್ಲೆ, ಎಲ್ಲಿಂದ ಬಂದದ್ದು, ಇಂಥ ಪಿ ಸಂಖ್ಯೆಯವರ ಸಂಪರ್ಕ ಎಂಬ ಟಿಪ್ಪಣಿ. ಕಲಬುರಗಿಯ ಆ ಹಿರಿಯರ ಮಗಳಿಗೆ, ಮನೆಗೆ ಬಂದು ನೋಡಿದ ವೈದ್ಯರಿಗೆ ಸೋಂಕು ಹಬ್ಬಿದ ದಾರಿಯನ್ನು ಯಾರು ಬೇಕಾದರೂ ಆ ಪಟ್ಟಿಯಲ್ಲಿ ಬೆರಳಿಟ್ಟು ಹಿಡಿಯಬಹುದಿತ್ತು. 2020ರ ಜುಲೈನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಭಾರತದ ರಾಜ್ಯಗಳು ಕೋವಿಡ್ ಮಾಹಿತಿಯನ್ನು ಎಷ್ಟು ಚೆನ್ನಾಗಿ ಪ್ರಕಟಿಸುತ್ತವೆಂದು ಅಳೆದಾಗ ಮೊದಲ ಸ್ಥಾನ ಕರ್ನಾಟಕಕ್ಕೆ ಬಂತು. ಒಂದಕ್ಕೆ 0.61 ಅಂಕ. ಬಿಹಾರ, ಉತ್ತರ ಪ್ರದೇಶಗಳಿಗೆ ಸೊನ್ನೆ. ಮೊದಲಿಗನಿಗೂ ನೂರಕ್ಕೆ ಅರವತ್ತೊಂದೇ ಸಿಕ್ಕಿದ್ದನ್ನು ನೆನಪಿಡಬೇಕು, ಆದರೂ ಇದು ಸಣ್ಣ ಸಾಧನೆಯಲ್ಲ.

ಇದೇ ಕರ್ನಾಟಕ ಮನೆಯಲ್ಲಿ ಕ್ವಾರಂಟೈನ್ ಆದವರ ವಿಳಾಸಗಳನ್ನು ಊರಿಗೆಲ್ಲ ಕಾಣುವಂತೆ ಪ್ರಕಟಿಸಿತು. ಕೈಗೆ ಸೀಲು ಹಾಕಿತು. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಸೆಲ್ಫಿ ತೆಗೆದು ಆ್ಯಪ್‌ಗೆ ಹಾಕಬೇಕೆಂದು ಅಪ್ಪಣೆ ಮಾಡಿತು. ರೋಗದ ಲೆಕ್ಕವನ್ನು ಜನರ ಮುಂದಿಡುವುದೂ ರೋಗಿಯ ಬಾಗಿಲನ್ನು ಜನರಿಗೆ ತೋರಿಸುವುದೂ ಒಂದೇ ಎಂದು ಆ ದಿನಗಳ ಅಧಿಕಾರಿಗಳು ಭಾವಿಸಿದಂತಿತ್ತು. ವಿಳಾಸ ಬಯಲಾದ ಮನೆಗಳಿಗೆ ಹಾಲಿನವನು ಬರುವುದನ್ನು ನಿಲ್ಲಿಸಿದ, ಬಾಡಿಗೆಯವರಿಗೆ ಮನೆ ಬಿಡಲು ಹೇಳಿದರು ಎಂಬಂಥ ಸುದ್ದಿಗಳನ್ನು ನಾವೆಲ್ಲ ಕೇಳಿದ್ದೇವೆ. ಅದು ಬೇಕಿರಲಿಲ್ಲ.

ತೆಲಂಗಾಣದ ಪಾಲಿಗೆ ನಿಜವಾಗಿ ಹೆಮ್ಮೆಯ ಪುಟವೂ ಒಂದಿದೆ, ಅದನ್ನು ಹೇಳದೆ ಹೋಲಿಸಿದರೆ ಅನ್ಯಾಯ. ಆಗಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಮಾರ್ಚ್ ಮೊದಲ ವಾರ ವಿಧಾನಸಭೆಯಲ್ಲಿ ಪ್ಯಾರಸಿಟಮಾಲ್ ಸಾಕೆಂಬಂತೆ ಮಾತಾಡಿದರು, ತಿಂಗಳು ಮುಗಿಯುವುದರೊಳಗೆ ಲಾಕ್‌ಡೌನ್ ಮೀರಿದರೆ ಕಂಡಲ್ಲಿ ಗುಂಡಿನ ಆದೇಶ ಕೊಡಬೇಕಾದೀತು ಎಂದೂ ಎಚ್ಚರಿಸಿದರು. ಎರಡೂ ಆಡಬಾರದ ಮಾತುಗಳು. ಆದರೆ ಹೊರ ರಾಜ್ಯಗಳಿಂದ ದುಡಿಯಲು ಬಂದವರನ್ನು ರಾಜ್ಯದ ಅಭಿವೃದ್ಧಿಯ ಪಾಲುದಾರರೆಂದು ಕರೆದು, ತಲಾ 12 ಕಿಲೋ ಅಕ್ಕಿ, 500 ರೂಪಾಯಿ ಘೋಷಿಸಿದವರೂ ಅವರೇ. ಏಪ್ರಿಲ್ 29ರಂದು ಸಂಗಾರೆಡ್ಡಿ ಬಳಿಯ ಕಂದಿಯಲ್ಲಿ ಐಐಟಿ ಕಟ್ಟಡದ ಕೂಲಿಗಳು ಊರಿಗೆ ಕಳಿಸಿ ಎಂದು ಸಿಡಿದೆದ್ದರು, ಪೊಲೀಸರ ಮೇಲೆ ಕಲ್ಲು ಬಿತ್ತು. ಎರಡೇ ದಿನಕ್ಕೆ, ಮೇ 1ರಂದು, ದೇಶದ ಮೊದಲ ಶ್ರಮಿಕ ರೈಲು ಅವರನ್ನು ಹತ್ತಿಸಿಕೊಂಡು ಹೈದರಾಬಾದಿನ ಲಿಂಗಂಪಲ್ಲಿಯಿಂದ ಜಾರ್ಖಂಡಿನ ಹಟಿಯಾಗೆ ಹೊರಟಿತು. ಸುಮಾರು ಸಾವಿರದ ಇನ್ನೂರು ಜನ. ಅದೇ ವಾರ ಕರ್ನಾಟಕ ಸರ್ಕಾರ ಕಟ್ಟಡ ನಿರ್ಮಾಣಗಾರರ ಜೊತೆ ಸಭೆ ನಡೆಸಿದ ಬೆನ್ನಿಗೆ, ಕೂಲಿಗಳಿಗೆಂದು ಕೇಳಿದ್ದ ರೈಲುಗಳೇ ಬೇಡವೆಂದು ರೈಲ್ವೆಗೆ ಪತ್ರ ಬರೆಯಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಎರಡು ಮೂರು ದಿನದಲ್ಲಿ ಮನಸ್ಸು ಬದಲಾಯಿಸಿತು. ಲೆಕ್ಕದಲ್ಲಿ ಮುಂದಿದ್ದ ರಾಜ್ಯ ಕೂಲಿಯ ವಿಷಯದಲ್ಲಿ ಹಿಂದೆ ಬಿತ್ತು, ಲೆಕ್ಕದಲ್ಲಿ ಹಿಂದಿದ್ದ ರಾಜ್ಯ ಮುಂದೆ ಹೋಯಿತು. ಒಂದೇ ಅಂಕಪಟ್ಟಿಯಲ್ಲಿ ಇವನ್ನೆಲ್ಲ ಕೂಡಿ ಸರಾಸರಿ ತೆಗೆಯುವುದು ಹೇಗೆ?

ನನ್ನ ಮಟ್ಟಿಗೆ ಈ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ನಡೆದದ್ದು ಗಡಿಗಳಲ್ಲಿ. ತನ್ನ ಮತದಾರನಲ್ಲದ ರೋಗಿ ಬಾಗಿಲಿಗೆ ಬಂದಾಗ ಸರ್ಕಾರ ಏನು ಮಾಡಿತು? ಈ ಪ್ರಶ್ನೆ ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರಿಗೆ ಪುಸ್ತಕದ್ದಲ್ಲ. ಬೀದರಿನಿಂದ ಹೈದರಾಬಾದಿಗೆ ನೂರ ನಲವತ್ತು ಕಿಲೋಮೀಟರು, ಬೆಂಗಳೂರಿಗೆ ಸುಮಾರು ಏಳುನೂರು. ಕಲಬುರಗಿಯಿಂದ ಇಲ್ಲಿಗೆ ಇನ್ನೂರ ಇಪ್ಪತ್ತರ ಆಸುಪಾಸು, ಬೆಂಗಳೂರಿಗೆ ಆರುನೂರರಷ್ಟು. ಹೃದಯವೋ, ಕ್ಯಾನ್ಸರೋ, ಅಪಘಾತದಲ್ಲಿ ತಲೆಗೆ ಪೆಟ್ಟೋ, ಜಿಲ್ಲೆಯ ಡಾಕ್ಟರು ಕೈಚೆಲ್ಲಿದಾಗ ಹೇಳುವ ಮಾತು ಒಂದೇ, ‘ಹೈದರಾಬಾದಿಗೆ ಒಯ್ಯಿರಿ’. ಇಮ್ಲಿಬನ್ ಬಸ್ ನಿಲ್ದಾಣದಲ್ಲಿ ಬೆಳಗಿನ ಜಾವ ಬೀದರ, ರಾಯಚೂರು, ಯಾದಗಿರಿ ಬಸ್ಸುಗಳಿಂದ ಇಳಿಯುವವರ ಕೈಗಳನ್ನು ನೋಡಿ. ಒಂದು ಕೈಯಲ್ಲಿ ರೊಟ್ಟಿ ಕಟ್ಟಿದ ಬಟ್ಟೆಯ ಗಂಟು, ಇನ್ನೊಂದರಲ್ಲಿ ಹಳೆಯ ಎಕ್ಸ್‌ರೇ ತುಂಬಿದ ದೊಡ್ಡ ಕಂದು ಲಕೋಟೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಊರಿನಿಂದ ತೋರಿಸಿಕೊಳ್ಳಲು ಬರುವವರಿಗೆಂದೇ ಒಂದು ಹಾಸಿಗೆ ಸುತ್ತಿ ಇಟ್ಟಿರುತ್ತದೆ. ನಿಜಾಮರ ರಾಜ್ಯದಲ್ಲಿ ಈ ಜಿಲ್ಲೆಗಳ ರಾಜಧಾನಿ ಹೈದರಾಬಾದೇ ಆಗಿತ್ತು. 1956ರ ನವೆಂಬರ್ 1ರಂದು ಬೀದರ, ಕಲಬುರಗಿ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು, ಮರಾಠವಾಡ ಮುಂಬೈಗೆ, ತೆಲಂಗಾಣ ಆಂಧ್ರಕ್ಕೆ. ಆಡಳಿತ ಬೇರೆಯಾಯಿತು. ದವಾಖಾನೆಯ ದಾರಿ ಹಾಗೇ ಉಳಿಯಿತು.

2021ರ ಮೇ ತಿಂಗಳ ಎರಡನೆಯ ವಾರ, ಎರಡನೆಯ ಅಲೆಯ ನಡುವೆ, ಆ ದಾರಿ ಮುಚ್ಚಿತು. ಕರ್ನೂಲಿನ ಕಡೆಯಿಂದ ಬರುವ ಹೆದ್ದಾರಿಯಲ್ಲಿ, ಗದ್ವಾಲ ಜಿಲ್ಲೆಯ ಪುಲ್ಲೂರು ಟೋಲ್ ಬಳಿ ತೆಲಂಗಾಣ ಪೊಲೀಸರು ಮೇ 10ರಂದು ಆಂಬುಲೆನ್ಸ್‌ಗಳನ್ನು ತಡೆದು ವಾಪಸ್ ಕಳಿಸತೊಡಗಿದರು. ಹೈದರಾಬಾದಿನ ಆಸ್ಪತ್ರೆಯಲ್ಲಿ ಹಾಸಿಗೆ ಖಚಿತವಾಗಿದ್ದರೆ, ಕಂಟ್ರೋಲ್ ರೂಮಿನ ಅನುಮತಿ ಪಡೆದಿದ್ದರೆ ಮಾತ್ರ ಪ್ರವೇಶ ಎಂದು ಮರುದಿನ ಸುತ್ತೋಲೆ ಬಂತು. ಆಕ್ಸಿಜನ್ ಸಿಲಿಂಡರಿನ ಮುಳ್ಳು ಇಳಿಯುತ್ತಿರುವಾಗ ಫೋನ್ ಎತ್ತದ ಕಂಟ್ರೋಲ್ ರೂಮಿಗೆ ಮತ್ತೆ ಮತ್ತೆ ಕರೆ ಮಾಡುವ ಮಗನನ್ನೋ ಮಗಳನ್ನೋ ಕಲ್ಪಿಸಿಕೊಳ್ಳಿ. ಗಡಿಯಲ್ಲೇ ಪ್ರಾಣ ಬಿಟ್ಟವರ ವರದಿಗಳು ಬಂದವು. ಸರ್ಕಾರದ ವಾದದಲ್ಲೂ ಒಂದು ಸತ್ಯವಿತ್ತು, ಅದನ್ನು ಅಲ್ಲಗಳೆಯಬಾರದು. ನಗರದ ಕೋವಿಡ್ ಹಾಸಿಗೆಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹೊರ ರಾಜ್ಯದವರೇ ಇದ್ದಾರೆ, ಕೇಂದ್ರ ಆಕ್ಸಿಜನ್, ಔಷಧ ಹಂಚುವಾಗ ನಮ್ಮ ಜನಸಂಖ್ಯೆಯನ್ನಷ್ಟೇ ನೋಡುತ್ತದೆ ಎಂಬುದು ಅದರ ಅಳಲು. ಈ ಅಳಲಿಗೆ ಮದ್ದು ದೆಹಲಿಯಲ್ಲಿ ಕೇಳಬೇಕಿತ್ತು, ಟೋಲ್ ಗೇಟಿನಲ್ಲಿ ಅಲ್ಲ. ತೆಲಂಗಾಣ ಹೈಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ಹಿಮಾ ಕೊಹ್ಲಿ ಅವರಿದ್ದ ಪೀಠ ಯಾವ ಅಧಿಕಾರದಿಂದ ಆಂಬುಲೆನ್ಸ್ ತಡೆಯುತ್ತೀರಿ ಎಂದು ಕೇಳಿತು, ಮೇ 14ರಂದು ಸುತ್ತೋಲೆಗೆ ತಡೆ ನೀಡಿತು. 2014ರ ಪುನರ್ವಿಂಗಡಣೆ ಕಾಯ್ದೆಯ ಪ್ರಕಾರ ಹೈದರಾಬಾದ್ ಆಗಿನ್ನೂ ಆಂಧ್ರದವರಿಗೂ ಜಂಟಿ ರಾಜಧಾನಿ, 2024ರ ಜೂನ್ 2ರವರೆಗೆ. ತಮ್ಮದೇ ರಾಜಧಾನಿಗೆ ಬರಲು ರೋಗಿಗಳು ಪಾಸ್ ತೋರಿಸಬೇಕಾಗಿತ್ತು.

ಕನ್ನಡಿಗರು ಇದನ್ನು ಓದಿ ತೆಲಂಗಾಣದ ಮೇಲೆ ಸಿಟ್ಟಾಗುವ ಮೊದಲು ಕೇರಳ ಗಡಿಯ ತಲಪಾಡಿಯನ್ನು ನೆನೆಯಬೇಕು. ಒಂದು ವರ್ಷ ಮೊದಲೇ, 2020ರ ಮಾರ್ಚ್ ಕೊನೆಯ ವಾರ, ಕರ್ನಾಟಕ ಕಾಸರಗೋಡಿನ ಗಡಿ ಮುಚ್ಚಿತ್ತು. ಹೆದ್ದಾರಿಯಲ್ಲಿ ಪೊಲೀಸರು, ಒಳದಾರಿಗಳಲ್ಲಿ ಜೆಸಿಬಿ ತಂದು ಸುರಿದ ಮಣ್ಣಿನ ರಾಶಿ. ಮಂಜೇಶ್ವರ, ಕುಂಬಳೆ, ಉಪ್ಪಳದ ಕನ್ನಡಿಗರಿಗೆ, ತುಳುವರಿಗೆ, ಮಲಯಾಳಿಗಳಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರೇ. ತಿರುವನಂತಪುರ ಐನೂರು ಕಿಲೋಮೀಟರಿಗೂ ಆಚೆ. ಡಯಾಲಿಸಿಸ್‌ಗೆ ಹೋಗಬೇಕಾದವರು, ಎದೆನೋವಿನವರು ಗಡಿಯಿಂದ ಹಿಂದಿರುಗಿದರು. ಗಡಿ ದಾಟಲಾಗದೆ ಆಂಬುಲೆನ್ಸಿನಲ್ಲೇ ಹೆರಿಗೆಯಾದ ಸುದ್ದಿ ಬಂತು. ಚಿಕಿತ್ಸೆ ಸಿಗದೆ ಸತ್ತವರ ಪಟ್ಟಿ ದಿನದಿಂದ ದಿನಕ್ಕೆ ಬೆಳೆಯಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆರವುಗೊಳಿಸುವಂತೆ ಕೇಂದ್ರಕ್ಕೆ ಹೇಳಿತು. ಕರ್ನಾಟಕ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಏಪ್ರಿಲ್ 7ರಂದು, ತುರ್ತು ಚಿಕಿತ್ಸೆಯ ರೋಗಿಗಳನ್ನು ತಲಪಾಡಿಯಲ್ಲಿ ವೈದ್ಯರು ಪರೀಕ್ಷಿಸಿ ಒಳಗೆ ಬಿಡುವುದೆಂದು ಎರಡೂ ರಾಜ್ಯ ಒಪ್ಪಿವೆ ಎಂದು ಕೇಂದ್ರ ತಿಳಿಸಿದ ಮೇಲೆ ವ್ಯಾಜ್ಯ ಮುಗಿಯಿತು.

ಕರ್ನಾಟಕದ ಹೆದರಿಕೆ ಸುಳ್ಳಾಗಿರಲಿಲ್ಲ. ಆ ದಿನಗಳಲ್ಲಿ ಕಾಸರಗೋಡು ದೇಶದಲ್ಲೇ ಹೆಚ್ಚು ಸೋಂಕಿದ್ದ ಜಿಲ್ಲೆಗಳಲ್ಲೊಂದು, ಕೊಲ್ಲಿಯಿಂದ ಮರಳಿದವರ ಜಿಲ್ಲೆ. ಆದರೆ ಮುಂದೆ ಆದದ್ದನ್ನು ನೋಡಿ. ಆ ಮೊದಲ ಅಲೆಯಲ್ಲಿ ಕಾಸರಗೋಡು ಜಿಲ್ಲೆಯ ನೂರೆಪ್ಪತ್ತಕ್ಕೂ ಹೆಚ್ಚು ಸೋಂಕಿತರಲ್ಲಿ ಒಬ್ಬರೂ ಸಾಯಲಿಲ್ಲ. ಉಕ್ಕಿನಡ್ಕದಲ್ಲಿ ಇನ್ನೂ ಪೂರ್ತಿ ಏಳದ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ನಾಲ್ಕೇ ದಿನದಲ್ಲಿ ಕೋವಿಡ್ ಆಸ್ಪತ್ರೆ ಮಾಡಿದ ಕೇರಳ ಸರ್ಕಾರ ಎಲ್ಲರನ್ನೂ ಉಳಿಸಿಕೊಂಡಿತು. ರೋಗ ಕೊಲ್ಲದ ಜಿಲ್ಲೆಯಲ್ಲಿ ಮುಚ್ಚಿದ ರಸ್ತೆ ಕೊಂದಿತು. ಕೇರಳವೂ ಇಲ್ಲಿ ಪೂರ್ತಿ ಹೊಗಳಿಕೆಗೆ ಅರ್ಹವಲ್ಲ. ದಶಕಗಳ ಕಾಲ ಕಾಸರಗೋಡಿಗೆ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆ ಕೊಡದೆ ಅಲ್ಲಿನ ರೋಗಿಗಳನ್ನು ಮಂಗಳೂರಿಗೆ ಬಿಟ್ಟುಕೊಟ್ಟದ್ದು ಅದೇ. ಕರ್ನಾಟಕ ಬೀದರ, ಕಲಬುರಗಿಯ ರೋಗಿಗಳನ್ನು ಹೈದರಾಬಾದಿಗೆ ಬಿಟ್ಟುಕೊಟ್ಟ ಹಾಗೆ.

ಇತ್ತ ಪೊಲೀಸರು ರೋಗಿಯನ್ನು ತಡೆಯುತ್ತಿದ್ದ ಗಡಿಯನ್ನು ಆಕ್ಸಿಜನ್ ಟ್ಯಾಂಕರುಗಳು ದಿನವೂ ದಾಟುತ್ತಿದ್ದವು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಆಕ್ಸಿಜನ್ ಆಂಧ್ರಕ್ಕೂ ತೆಲಂಗಾಣಕ್ಕೂ ಹೋಗುತ್ತಿತ್ತು. 2021ರ ಏಪ್ರಿಲ್ 23ರಂದು ತೆಲಂಗಾಣ ಬೇಗಂಪೇಟೆಯಿಂದ ಖಾಲಿ ಟ್ಯಾಂಕರುಗಳನ್ನು ವಾಯುಪಡೆಯ ವಿಮಾನದಲ್ಲಿ ಭುವನೇಶ್ವರಕ್ಕೆ ಸಾಗಿಸಿ, ಒಡಿಶಾದಲ್ಲಿ ತುಂಬಿಸಿ, ರಸ್ತೆಯಲ್ಲಿ ವಾಪಸ್ ತಂದಿತು. ಹೋಗುವ ದಾರಿಯ ಮೂರು ದಿನ ಉಳಿಯಿತು. ಚುರುಕಾದ, ಒಳ್ಳೆಯ ಕೆಲಸ. ಮೇ 10ರಂದು, ಪುಲ್ಲೂರಿನಲ್ಲಿ ಆಂಬುಲೆನ್ಸ್ ತಡೆದ ಅದೇ ದಿನ, ತಿರುಪತಿಯ ರುಯಾ ಆಸ್ಪತ್ರೆಯಲ್ಲಿ ತಮಿಳುನಾಡಿನಿಂದ ಬರಬೇಕಿದ್ದ ಟ್ಯಾಂಕರ್ ತಡವಾಗಿ ಹನ್ನೊಂದು ಮಂದಿ ಸತ್ತರು. ಅದಕ್ಕೂ ಒಂದು ವಾರ ಮೊದಲು ಚಾಮರಾಜನಗರದ ಆಕ್ಸಿಜನ್ ದುರಂತ. ಮೊದಲು ಇಪ್ಪತ್ನಾಲ್ಕೆಂದು ಹೇಳಿದ ಸಾವು ಹೈಕೋರ್ಟ್ ನೇಮಿಸಿದ ಸಮಿತಿಯ ತನಿಖೆಯಲ್ಲಿ ಇನ್ನೂ ಹೆಚ್ಚಾಯಿತು. ಅಲ್ಲಿ ಆಕ್ಸಿಜನ್ ಪೂರೈಕೆಯ ವಾದ ನಡೆದದ್ದು ಮೈಸೂರು, ಚಾಮರಾಜನಗರ ಜಿಲ್ಲೆಗಳ ನಡುವೆ. ನಮ್ಮವರು, ಹೊರಗಿನವರು ಎಂಬ ಲೆಕ್ಕ ಒಮ್ಮೆ ಶುರುವಾದರೆ ರಾಜ್ಯದ ಗಡಿಯಲ್ಲಿ ನಿಲ್ಲುವುದಿಲ್ಲ, ಒಂದೇ ರಾಜ್ಯದ ಎರಡು ಜಿಲ್ಲೆಗಳ ನಡುವೆಯೂ ಬಂದು ಕೂರುತ್ತದೆ.

ರೋಗಕ್ಕೆ ಹೆದರಿ ದಾರಿ ತಡೆಯುವುದು ಈ ನೆಲಕ್ಕೆ ಹೊಸದಲ್ಲ. 1896ರಲ್ಲಿ ಮುಂಬೈಗೆ ಬಂದ ಪ್ಲೇಗು 1898ರ ಆಗಸ್ಟಿನಲ್ಲಿ ಹುಬ್ಬಳ್ಳಿ ಕಡೆಯ ರೈಲಿನಲ್ಲಿ ಬೆಂಗಳೂರಿಗೆ ಇಳಿಯಿತು. ಮುಂಬೈ ಪ್ರಾಂತ, ಮೈಸೂರು, ನಿಜಾಮರ ಹೈದರಾಬಾದ್, ಮೂರು ಸರ್ಕಾರಗಳೂ ರೈಲು ಪ್ರಯಾಣಿಕರನ್ನು ಇಳಿಸಿ ಕಂಕುಳು ಮುಟ್ಟಿ ನೋಡುವ, ಊರ ಹೊರಗೆ ಶಿಬಿರ ಹಾಕುವ ಕ್ರಮಗಳಿಗೆ ಇಳಿದವು. ಮನೆಹೊಕ್ಕು ಹುಡುಕುವ ಸೈನಿಕರ ಅತಿರೇಕಕ್ಕೆ ಪುಣೆಯಲ್ಲಿ 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ್ಯಾಂಡ್ ಗುಂಡಿಗೆ ಬಿದ್ದ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಜನ ದಂಗೆ ಎದ್ದರು. ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಗಾಳಿ ಬೆಳಕಿನ ಬಡಾವಣೆಗಳಿಗೆ ಒತ್ತು ಕೊಟ್ಟಿತು, ಮಲ್ಲೇಶ್ವರ, ಬಸವನಗುಡಿಗಳು ತುಂಬಿದ್ದು ಆ ಭಯದಲ್ಲೇ. ಹೈದರಾಬಾದಿನಲ್ಲಿ 1915ರಲ್ಲಿ ಎರ‍್ರನಗುಟ್ಟದ ಮೇಲೆ ಶುರುವಾದ ಕ್ವಾರಂಟೈನ್ ಆಸ್ಪತ್ರೆ ಮುಂದೆ ನಲ್ಲಕುಂಟಕ್ಕೆ ಬಂತು. ಹಳೇ ಹೈದರಾಬಾದಿನವರ ಬಾಯಲ್ಲಿ ಅದು ಇಂದಿಗೂ ಕೊರಂಟಿ ದವಾಖಾನೆ. ಅದರ ಅಧಿಕೃತ ಹೆಸರಲ್ಲಿರುವ ರೊನಾಲ್ಡ್ ರಾಸ್ 1895ರಲ್ಲಿ ಬೆಂಗಳೂರಿನಲ್ಲಿ ಕಾಲರಾ ತಡೆಯಲು ದುಡಿದವನು. ಎರಡು ವರ್ಷದ ಮೇಲೆ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡ. 2020ರಲ್ಲಿ ಬೆಂಗಳೂರೂ ಹೈದರಾಬಾದೂ ನಿಯಮ ಹೊರಡಿಸಿದ್ದು ಪ್ಲೇಗಿಗೆಂದೇ ಬ್ರಿಟಿಷರು ಮಾಡಿದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ. ತಡೆಯುವ, ಹುಡುಕುವ, ಬೇರ್ಪಡಿಸುವ ಅಧಿಕಾರವೆಲ್ಲ ಅದರಲ್ಲಿದೆ. ನೆರೆಯ ಸರ್ಕಾರದ ರೋಗಿಯ ಬಗ್ಗೆ ಕರ್ತವ್ಯವೇನು ಎಂಬುದು ಅದರಲ್ಲಿಲ್ಲ.

ನೆರೆಯವರ ಮೇಲಿನ ಈ ಅವಲಂಬನೆ ದೇಶಗಳ ನಡುವೆಯೂ ಕಂಡಿತು. ಭಾರತ ಕೊಟ್ಟ ಲಸಿಕೆಯಿಂದ ಭೂತಾನ್ 2021ರ ಮಾರ್ಚ್ 27ರಿಂದ ಹದಿನಾರೇ ದಿನದಲ್ಲಿ ತನ್ನ ಅರ್ಹ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಮೊದಲ ಡೋಸ್ ಹಾಕಿತು. ಲಸಿಕೆಯನ್ನು ಹೆಲಿಕಾಪ್ಟರಿನಲ್ಲಿ, ಕಾಲ್ನಡಿಗೆಯಲ್ಲಿ ಬೆಟ್ಟದ ಹಳ್ಳಿಗಳಿಗೆ ಒಯ್ದ ಆರೋಗ್ಯ ಕಾರ್ಯಕರ್ತರ ಸಾಹಸವದು. ನಮ್ಮಲ್ಲಿ ಎರಡನೆಯ ಅಲೆ ಎದ್ದು ರಫ್ತು ನಿಂತಾಗ ಅಲ್ಲಿನ ಎರಡನೆಯ ಡೋಸ್ ಜುಲೈವರೆಗೆ ಕಾಯಬೇಕಾಯಿತು. ಸಣ್ಣ ನೆರೆಯವನ ಗೆಲುವು ದೊಡ್ಡ ನೆರೆಯವನ ಬಾಗಿಲು ತೆರೆದಿರುವುದರ ಮೇಲೆ ನಿಂತಿತ್ತು.

ಹೋಲಿಕೆಗೆ ಇನ್ನೊಂದು ತೊಡಕಿದೆ, ಅದರತ್ತ ಯಾರೂ ಗಮನ ಕೊಟ್ಟಂತಿಲ್ಲ. ನಮ್ಮ ಕಾನೂನಿನಂತೆ ಮರಣ ನೋಂದಣಿಯಾಗುವುದು ಸಾವು ಸಂಭವಿಸಿದ ಊರಿನಲ್ಲಿ. ಬೀದರಿನ ರೈತ ಹೈದರಾಬಾದಿನ ಆಸ್ಪತ್ರೆಯಲ್ಲಿ ಸತ್ತರೆ ಅವನ ಹೆಸರು ಹೈದರಾಬಾದಿನ ನಗರಪಾಲಿಕೆಯ ದಾಖಲೆಗೆ ಹೋಗುತ್ತದೆ. ಹೀಗಾಗಿ ಗಡಿ ಜಿಲ್ಲೆಗಳ ಸಾವಿನ ದಾಖಲೆ ಕಡಿಮೆ ತೋರುತ್ತದೆ, ನಗರದ್ದು ಉಬ್ಬುತ್ತದೆ. ಬೀದರ, ಕಲಬುರಗಿ, ಯಾದಗಿರಿ, ರಾಯಚೂರುಗಳಲ್ಲಿ ಕೋವಿಡ್ ನಿಜವಾಗಿ ಎಷ್ಟು ಮನೆಗಳನ್ನು ಮುರಿಯಿತು ಎಂಬ ಉತ್ತರದ ಒಂದು ಭಾಗ ಬೆಂಗಳೂರಿನ ಕಡತಗಳಲ್ಲಿಲ್ಲ, ಹೈದರಾಬಾದಿನಲ್ಲಿದೆ. ಎರಡೂ ಸರ್ಕಾರಗಳು ಕೂತು ಆ ಹೆಸರುಗಳನ್ನು ಊರಿನ ವಿಳಾಸಕ್ಕೆ ಹೊಂದಿಸಿದರೆ ತಿಂಗಳುಗಳ ಕೆಲಸವಷ್ಟೆ.

ನಡುವೆ ಕೆಲವು ಒಳ್ಳೆಯ ಬೆಳವಣಿಗೆಗಳೂ ಆಗಿವೆ. ಅಲ್ಲಿಯವರೆಗೆ ಹೊರಗುಳಿದಿದ್ದ ತೆಲಂಗಾಣ 2021ರ ಮೇ ತಿಂಗಳಲ್ಲಿ ಆಯುಷ್ಮಾನ್ ಭಾರತ್ ಸೇರಿತು. ಆದ್ದರಿಂದ ಕರ್ನಾಟಕದ ಕಾರ್ಡಿಗೆ ಹೈದರಾಬಾದಿನಲ್ಲಿ ಬೆಲೆ ಸಿಗುವ ದಾರಿ ಕಾಗದದ ಮೇಲಾದರೂ ತೆರೆದಿದೆ. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ ಬಾಗಿಲು ತೆರೆಯಿತು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ 371(ಜೆ) ವಿಧಿಯ ನೆನಪಿಗೆ 371 ಹಾಸಿಗೆ. ಎದೆನೋವಿನ ರೋಗಿ ಇನ್ನು ಹೈದರಾಬಾದಿಗೆ ಹೋಗುವ ಜಹೀರಾಬಾದ್ ದಾರಿ ಹಿಡಿಯಬೇಕಾಗಿಲ್ಲದಿದ್ದರೆ ಅದು ದೊಡ್ಡ ನೆಮ್ಮದಿ. ಆದರೆ ಸಾಂಕ್ರಾಮಿಕ ಬಂದಾಗ ಒಂದು ಆಸ್ಪತ್ರೆ ಸಾಲುವುದಿಲ್ಲ, ಜನ ಮತ್ತೆ ಹತ್ತಿರದ ದೊಡ್ಡ ಊರಿಗೇ ಓಡುತ್ತಾರೆ, ಓಡಲೇಬೇಕು.

ಹಾಗಾಗಿ ಬೇಕಿರುವುದು ಬರಹದಲ್ಲಿರುವ ಒಪ್ಪಂದ. ಆಂಬುಲೆನ್ಸನ್ನು ಯಾವ ಗಡಿಯಲ್ಲೂ ನಿಲ್ಲಿಸತಕ್ಕದ್ದಲ್ಲ. ತಪಾಸಣೆ ಆಸ್ಪತ್ರೆಯ ಬಾಗಿಲಲ್ಲಿ ಆಗಲಿ. ಹೊರ ರಾಜ್ಯದ ರೋಗಿಗಳನ್ನು ಹೊತ್ತ ನಗರಕ್ಕೆ ಆಕ್ಸಿಜನ್, ಔಷಧ, ಲಸಿಕೆಗಳ ಪಾಲು ಹಾಸಿಗೆಗಳ ಸಂಖ್ಯೆಗೆ ತಕ್ಕಂತೆ ಸಿಗಲಿ, ಆ ವೆಚ್ಚದಲ್ಲಿ ರೋಗಿಯ ತವರು ರಾಜ್ಯವೂ ಭಾಗ ಕೊಡಲಿ. ಸಾವಿನ ದಾಖಲೆ ಎರಡೂ ಕಡೆ ಹಂಚಿಕೆಯಾಗಲಿ. ಇದಕ್ಕೆ ಹೊಸ ಸಂಸ್ಥೆ ಕಟ್ಟಬೇಕಿಲ್ಲ. ಹೈದರಾಬಾದ್ ರಾಜ್ಯವನ್ನು ಮೂರಾಗಿ ಹಂಚಿದ 1956ರ ರಾಜ್ಯ ಪುನರ್ವಿಂಗಡಣೆ ಕಾಯ್ದೆಯೇ ವಲಯ ಪರಿಷತ್ತುಗಳನ್ನೂ ಸೃಷ್ಟಿಸಿತು. ಕರ್ನಾಟಕ, ತೆಲಂಗಾಣ, ಆಂಧ್ರ, ಕೇರಳ, ತಮಿಳುನಾಡು, ಪುದುಚೇರಿಗಳು ಒಂದೇ ಮೇಜಿನ ಸುತ್ತ ಕೂರುವ ದಕ್ಷಿಣ ವಲಯ ಪರಿಷತ್ತು ಎರಡನೆಯ ಅಲೆ ಇಳಿದ ಆರು ತಿಂಗಳೊಳಗೆ, 2021ರ ನವೆಂಬರ್ 14ರಂದು ತಿರುಪತಿಯಲ್ಲಿ, ಮರುವರ್ಷ ಸೆಪ್ಟೆಂಬರ್ 3ರಂದು ತಿರುವನಂತಪುರದಲ್ಲಿ ಸಭೆ ಸೇರಿದೆ. ಮಹಾರಾಷ್ಟ್ರ ಪಶ್ಚಿಮ ವಲಯಕ್ಕೆ ಸೇರಿದ್ದರಿಂದ ಉದಗೀರ, ನಾಂದೇಡಿನ ರೋಗಿಗಳಿಗಾಗಿ ಅದನ್ನೂ ಕರೆಯಬೇಕಾದೀತು. ಮುಂದಿನ ಸಭೆಗೆ ಹೋಗುವ ಕರ್ನಾಟಕದ ಅಧಿಕಾರಿಗಳು ತಲಪಾಡಿಯ ಕಡತವನ್ನೂ ಪುಲ್ಲೂರಿನ ಹೈಕೋರ್ಟ್ ಆದೇಶವನ್ನೂ ಜೊತೆಗೊಯ್ಯಲಿ. ಗಡಿ ದಾಟುವ ರೋಗಿಯ ವಿಷಯವನ್ನು ಕಾರ್ಯಸೂಚಿಗೆ ಸೇರಿಸಬೇಕೆಂದು ಈಗಲೇ ಪತ್ರ ಬರೆಯಲಿ.